ಅಪ್ಪ 46,000 ರೂಪಾಯಿ ಕಳೆದುಕೊಂಡರು. ಅವರ ಕೈಯಿಂದ ಫೋನ್ ವಾಪಸ್ ತಗೋಬೇಕಾ?

ತಿಪಟೂರಿನವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ತಿಪಟೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ಅಪ್ಪನಿಗೆ 71 ವರ್ಷ. ಈಗಲೂ ತೆಂಗಿನ ತೋಟ ಅವರೇ ನೋಡಿಕೊಳ್ಳುತ್ತಾರೆ. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಊರಿಗೆ ಹೋಗೋಕೆ ಆಗಲಿಲ್ಲ. ಮುಖವಾದರೂ ನೋಡಬಹುದು ಅಂತ ನಾನೇ ಒಂದು ಸ್ಮಾರ್ಟ್‌ಫೋನ್ ಕೊಡಿಸಿದೆ. ಆಮೇಲೆ ಯುಪಿಐ ಕೂಡ ಹಾಕಿಕೊಟ್ಟೆ. ಗೊಬ್ಬರದ ಅಂಗಡಿ, ಕಾಯಿ ಕೀಳುವವರ ಕೂಲಿ, ಎಲ್ಲಾ ಫೋನಿನಲ್ಲೇ ಕೊಡುತ್ತಿದ್ದರು. ನನಗೂ ಹೆಮ್ಮೆ ಇತ್ತು.

ಹೋದ ತಿಂಗಳು ಒಂದು ಸಂಜೆ ಮೆಸೇಜ್ ಬಂದಿದೆ. ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿ 9.30ಕ್ಕೆ ಕನೆಕ್ಷನ್ ಕಟ್ ಆಗುತ್ತೆ, ಈ ನಂಬರಿಗೆ ಕರೆ ಮಾಡಿ ಅಂತ. ಅಪ್ಪ ಬಿಲ್ ಕಟ್ಟಿದ್ದರು. ಆದರೂ ಗಾಬರಿಯಾಗಿ ಕರೆ ಮಾಡಿದ್ದಾರೆ. ಆ ಕಡೆಯವನು ಚೆನ್ನಾಗಿ ಕನ್ನಡ ಮಾತಾಡಿದನಂತೆ. "ಯಜಮಾನರೇ, ನಿಮ್ಮದು ಕಟ್ಟಿದೆ, ನಮ್ಮ ಕಂಪ್ಯೂಟರಿನಲ್ಲಿ ತೋರಿಸ್ತಿಲ್ಲ ಅಷ್ಟೇ, 10 ರೂಪಾಯಿ ಕಟ್ಟಿ ಸರಿ ಮಾಡೋಣ" ಅಂದನಂತೆ. ಒಂದು ಆ್ಯಪ್ ಹಾಕಿಸಿದ್ದಾನೆ. ಅದು ಅಪ್ಪನ ಫೋನಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್. ಅಪ್ಪ 10 ರೂಪಾಯಿಗೆ ಪಿನ್ ಒತ್ತಿದ್ದಾರೆ. ಅವನು ಅದನ್ನು ನೋಡಿಕೊಂಡಿದ್ದಾನೆ. ಎರಡು ಸಲದಲ್ಲಿ 46,000 ಹೋಯಿತು. ಕೊಬ್ಬರಿ ಮಾರಿದ ದುಡ್ಡು.

ದುಡ್ಡಿನ ಸಂಕಟ ಒಂದು ಕಡೆ ಇರಲಿ. ಅಪ್ಪ ಇದನ್ನು 9 ದಿನ ನನಗೆ ಹೇಳಲಿಲ್ಲ. ಆ 9 ದಿನವೂ ರಾತ್ರಿ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳುತ್ತಿದ್ದರು. ಕೊನೆಗೆ ಅಮ್ಮನೇ ಹೇಳಿದ್ದು. ಯಾಕಪ್ಪ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ನೀನು ಬೈತಿದ್ದೆ ಕಣೋ" ಅಂದರು.

ಅಕ್ಕ ಹೇಳುತ್ತಾಳೆ, ಸ್ಮಾರ್ಟ್‌ಫೋನ್ ವಾಪಸ್ ತಗೊಂಡು ಬಟನ್ ಫೋನ್ ಕೊಟ್ಟುಬಿಡು ಅಂತ. ನನಗೂ ಅರ್ಧ ಹಾಗೇ ಅನ್ನಿಸುತ್ತಿದೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?


ಮಂಡ್ಯದ ಸೊಸೆ

ಯೋಚನೆನೇ ಮಾಡಬೇಡಿ, ತಗೊಳ್ಳಿ. ನಮ್ಮ ಮಾವನವರಿಗೆ ಮದುವೆ ಪತ್ರಿಕೆ ಅಂತ ವಾಟ್ಸಾಪಿನಲ್ಲಿ ಒಂದು ಫೈಲ್ ಬಂತು. ಒತ್ತಿದರು. ಅದು ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್ ಅಂತ ನಮಗೂ ಆಮೇಲೇ ಗೊತ್ತಾಗಿದ್ದು. ಅವರ ಫೋನಿನಿಂದ ಅದೇ ಪತ್ರಿಕೆ ನಮ್ಮ ಬೀಗರಿಗೆಲ್ಲಾ ಹೋಯಿತು. ಅವಮಾನಕ್ಕೆ ಮಾವ ಒಂದು ವಾರ ಹೊರಗೆ ಬರಲಿಲ್ಲ. ಈಗ ಬಟನ್ ಫೋನ್ ಇದೆ. ನಾವೆಲ್ಲಾ ನೆಮ್ಮದಿಯಾಗಿದ್ದೇವೆ.


ಬ್ಯಾಂಕಿನಲ್ಲಿ 22 ವರ್ಷ

ತಿಪಟೂರಿನವರೇ, ಫೋನ್ ವಿಷಯ ಆಮೇಲೆ. ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿದಿರಾ? 9 ದಿನ ಆಗಿದ್ದರೂ ಮಾಡಿ, ಈಗಲೇ ಮಾಡಿ.

ಅದು ಹೇಗೆ ಕೆಲಸ ಮಾಡುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ಕೌಂಟರಿಗೆ ಬರುವ ಹತ್ತರಲ್ಲಿ ಎಂಟು ಜನಕ್ಕೆ ಗೊತ್ತಿರೋದಿಲ್ಲ. ಕದ್ದ ದುಡ್ಡು ಒಂದೇ ಕಡೆ ಕೂರುವುದಿಲ್ಲ. ಮೊದಲ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಇನ್ನೂ ನಾಲ್ಕಕ್ಕೆ ಹಂಚಿಹೋಗುತ್ತೆ. ಅವೆಲ್ಲಾ ಬಹಳ ಸಲ ಬಾಡಿಗೆ ಖಾತೆಗಳು. ಯಾವುದೋ ಬಡ ಹುಡುಗನಿಗೆ ಐದಾರು ಸಾವಿರ ಕೊಟ್ಟು ಅವನ ಹೆಸರಿನಲ್ಲಿ ತೆಗೆಸಿರುತ್ತಾರೆ. ಕೊನೆಗೆ ಎಟಿಎಂನಲ್ಲಿ ನಗದಾಗಿ ತೆಗೆಯುತ್ತಾರೆ. ನೀವು 1930ಕ್ಕೆ ದೂರು ಕೊಟ್ಟ ಕೂಡಲೇ ಅದು ದುಡ್ಡು ಹೋದ ಬ್ಯಾಂಕಿಗೆ ತಲುಪುತ್ತೆ. ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ದೂರೂ ಹಿಂದೆಯೇ ಹೋಗುತ್ತೆ. ಅದಕ್ಕೇ ಮೊದಲ ಒಂದೆರಡು ಗಂಟೆ ಚಿನ್ನದಂಥದ್ದು. ಆದರೂ ತಡವಾಯಿತು ಅಂತ ಸುಮ್ಮನಾಗಬೇಡಿ. ಪೂರ್ತಿ ತೆಗೆಯಲಾಗದೆ ಸ್ವಲ್ಪ ಉಳಿದಿರುವುದನ್ನು ನಾನು ನೋಡಿದ್ದೇನೆ.

ಕರೆ ಮಾಡುವ ಮೊದಲು ಎರಡೂ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಸಿಗುತ್ತೆ. ಬ್ಯಾಂಕಿಗೂ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ.

ಬ್ಯಾಂಕ್ ದುಡ್ಡು ಕೊಡುತ್ತಾ ಅಂತ ಕೇಳುತ್ತೀರಿ. ಗ್ರಾಹಕರ ತಪ್ಪೇ ಇಲ್ಲದೆ ಬೇರೆಯವರಿಂದ ಮೋಸ ಆಗಿ, 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೆ ಪಿನ್ ನಾವೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಮ್ಮ ತಲೆ ಮೇಲೇ ಬರುತ್ತೆ. ಬೇಜಾರಾಗುತ್ತೆ, ಆದರೂ ಹೇಳಲೇಬೇಕು.

ಆ ಪರದೆ ತೋರಿಸುವ ಆ್ಯಪ್ ಇನ್ನೂ ಫೋನಿನಲ್ಲಿದೆಯಾ ನೋಡಿ. ತೆಗೆಯಿರಿ. ಪಿನ್ ಬದಲಾಯಿಸಿ.


ತಿಪಟೂರಿನವನು

ಮೇಡಂ, ಈಗಷ್ಟೇ 1930ಕ್ಕೆ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕಿತು. ದೂರಿನ ನಂಬರ್ ಮೆಸೇಜ್ ಬಂದಿದೆ. ಆ್ಯಪ್ ಇನ್ನೂ ಇತ್ತು. 9 ದಿನ ಹಾಗೇ ಇತ್ತು ಅಂತ ನೆನೆಸಿಕೊಂಡರೆ ಕೈ ನಡುಗುತ್ತೆ. ಪಕ್ಕದ ಮನೆ ಹುಡುಗನ ಕೈಲಿ ತೆಗೆಸಿದೆ. ತುಂಬಾ ಉಪಕಾರ ಆಯಿತು.


ನಿವೃತ್ತ ಪೋಸ್ಟ್‌ಮ್ಯಾನ್, ಹೊಳೆನರಸೀಪುರ

ಮಕ್ಕಳೇ, ನನಗೆ 74. ನಿಮ್ಮ ಅಪ್ಪನ ಪರವಾಗಿ ಎರಡು ಮಾತು.

ನಾನು 33 ವರ್ಷ ಮನಿಯಾರ್ಡರ್ ಹಂಚಿದವನು. ಬೊಂಬಾಯಿಯಲ್ಲಿ ದುಡಿಯುವ ಮಗ 200 ರೂಪಾಯಿ ಕಳಿಸಿದರೆ ತಾಯಿ ಫಾರಂ ಮೇಲೆ ಹೆಬ್ಬೆಟ್ಟು ಒತ್ತಬೇಕು. ಆಗಲೇ ದುಡ್ಡು ಕೈಗೆ. ಪಿಂಚಣಿ ಬಂದರೆ ಸಹಿ. ಸೊಸೈಟಿಯಲ್ಲಿ ಸಾಲ ಬಂದರೆ ಸಹಿ. ರೇಷನ್ ತಂದರೂ ಸಹಿ. ನಮ್ಮ ಕಾಲದವರಿಗೆ ಇದು ರಕ್ತದಲ್ಲಿ ಸೇರಿಹೋಗಿದೆ. ದುಡ್ಡು ಬರಬೇಕಾದರೆ ನಾವು ಏನೋ ಒಂದು ಒತ್ತಲೇಬೇಕು.

ಈಗ ಯುಪಿಐನಲ್ಲಿ ಅದು ಪೂರ್ತಿ ಉಲ್ಟಾ. ಬರುವ ದುಡ್ಡಿಗೆ ಏನೂ ಒತ್ತುವಂತಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತೆ, ಬರಲ್ಲ. ಈ ಒಂದು ಮಾತನ್ನು ನನಗೆ ಯಾರೂ ಹೀಗೆ ಹೇಳಿಕೊಡಲಿಲ್ಲ. "ಪಿನ್ ಯಾರಿಗೂ ಹೇಳಬೇಡಿ" ಅಂತ ಮಾತ್ರ ಹೇಳಿದರು. ನಾನು ಹೇಳಲಿಲ್ಲ. "ನಿಮಗೆ ಬಹುಮಾನ ಬಂದಿದೆ, ತಗೊಳ್ಳೋಕೆ ಪಿನ್ ಒತ್ತಿ" ಅಂದ, ನಾನೇ ಒತ್ತಿದೆ. ಹೋಗಿದ್ದು 1,999 ರೂಪಾಯಿ. ಚಿಕ್ಕದರಲ್ಲಿ ಹೋಯಿತು. ನಮ್ಮನ್ನು ದಡ್ಡರು ಅಂದುಕೊಳ್ಳಬೇಡಿ. ನಮಗೆ ಹಳೆಯ ಪಾಠ ಗಟ್ಟಿಯಾಗಿ ಬಂದಿದೆ, ಅದೇ ಕಾಲಿಗೆ ತೊಡರುತ್ತಿದೆ.

ಇನ್ನೊಂದು. ನೀವು ಕಲಿಸುವಾಗ ಏನು ಮಾಡುತ್ತೀರಿ ಗೊತ್ತಾ? ಫೋನ್ ಇಸ್ಕೊಳ್ಳುತ್ತೀರಿ. ಹೆಬ್ಬೆರಳು ನಾಲ್ಕು ಕಡೆ ಓಡುತ್ತೆ. "ಇಷ್ಟೇ ಅಪ್ಪಾ" ಅಂತ ವಾಪಸ್ ಕೊಡುತ್ತೀರಿ. ನಾನು ನೋಡಿದ್ದು ಹೆಬ್ಬೆರಳು ಮಾತ್ರ. ಎರಡನೇ ಸಲ ಕೇಳಿದರೆ "ಆವತ್ತೇ ಹೇಳಿದ್ನಲ್ಲಾ" ಅಂತೀರಿ. ಮೂರನೇ ಸಲ ನಾವು ಕೇಳುವುದಿಲ್ಲ. ಆಗ ಯಾರು ತಾಳ್ಮೆಯಿಂದ ಹೇಳಿಕೊಡುತ್ತಾರೆ? ಆ ಕಳ್ಳ. ಅವನು ಎಷ್ಟು ನಿಧಾನ, ಎಷ್ಟು ಮರ್ಯಾದೆ! "ಯಜಮಾನರೇ, ಎಡಗಡೆ ಹಸಿರು ಗುಂಡಿ ಕಾಣುತ್ತಾ? ನಿಧಾನವಾಗಿ ನೋಡಿ, ಆತುರ ಇಲ್ಲ." ನನ್ನ ಮಗ ಹಾಗೆ ಒಂದು ದಿನವೂ ಹೇಳಿಲ್ಲ.

ನಾನು ಕಲಿತದ್ದು ಪಕ್ಕದ ಮನೆಯ ಪಿಯುಸಿ ಹುಡುಗಿಯಿಂದ. ಅವಳು ಫೋನ್ ಮುಟ್ಟಲಿಲ್ಲ. "ತಾತ, ನೀವೇ ಒತ್ತಿ, ನಾನು ಹೇಳ್ತೀನಿ" ಅಂದಳು. ಒಂದು ಗೆರೆ ನೋಟ್‌ಬುಕ್‌ನಲ್ಲಿ ನಾನೇ ಬರೆದುಕೊಂಡೆ. ಈಗ ಪ್ರತಿ ನವೆಂಬರಿನಲ್ಲಿ ನನ್ನ ಜೀವನ್ ಪ್ರಮಾಣ್, ಅಂದರೆ ಪಿಂಚಣಿಗೆ ಬೇಕಾದ ಬದುಕಿರುವ ಪ್ರಮಾಣಪತ್ರ, ಮನೆಯಲ್ಲೇ ಮಾಡುತ್ತೇನೆ. ಮೊದಲು ಹೆಬ್ಬೆಟ್ಟಿನ ಮಿಷನ್ನಿನಲ್ಲಿ ನನ್ನ ಗೆರೆ ಬರುತ್ತಲೇ ಇರಲಿಲ್ಲ. ಕಾಗದ ಎಣಿಸಿ ಎಣಿಸಿ ಸವೆದುಹೋಗಿದೆ. ಬದುಕಿದ್ದೇನೆ ಅಂತ ತೋರಿಸೋಕೆ ಮೂರು ಸಲ ಹೋಗಿ ಬರಬೇಕಿತ್ತು. 2021ರಿಂದ ಮುಖ ತೋರಿಸಿದರೆ ಸಾಕು ಅಂತ ಮಾಡಿದರು. ಬೆಳಕಿನಲ್ಲಿ ಕೂತು ಕಣ್ಣು ಮಿಟುಕಿಸಬೇಕು, ಅಷ್ಟೇ. ನಮ್ಮ ಬೀದಿಯ ಇನ್ನೂ ಆರು ಜನಕ್ಕೆ ನಾನೇ ಮಾಡಿಕೊಡುತ್ತೇನೆ.

ಈ ಫೋನ್ ಈಗ ಕಿತ್ತುಕೊಂಡರೆ ನನ್ನ ಕಾಲು ಕಿತ್ತುಕೊಂಡ ಹಾಗೆ.


ಮಂಡ್ಯದ ಸೊಸೆ

ತಾತ, ನಿಮ್ಮ ಮಾತು ಎರಡು ಸಲ ಓದಿದೆ. ನಮ್ಮ ಮಾವ ಮೊದಲು ಬೆಳಿಗ್ಗೆ ಫೋನಿನಲ್ಲಿ ವಚನ ಕೇಳುತ್ತಿದ್ದರು, ಮೊಮ್ಮಗಳ ಫೋಟೋ ನೋಡುತ್ತಿದ್ದರು. ಬಟನ್ ಫೋನ್ ಬಂದ ಮೇಲೆ ಅದೆಲ್ಲಾ ನಿಂತಿದೆ. ನೆಮ್ಮದಿ ಅಂತ ಬರೆದಿದ್ದೆ. ನೆಮ್ಮದಿ ನಮಗೆ ಮಾತ್ರ ಅಂತ ಈಗ ಅನ್ನಿಸುತ್ತಿದೆ.


ದಾವಣಗೆರೆ ಅಂಗಡಿಯವನು

ನನ್ನದು ದಿನಸಿ ಅಂಗಡಿ. ದಿನಾ ನೋಡುತ್ತೇನೆ. ವಯಸ್ಸಾದವರು ಬಂದು ಫೋನ್ ಕೈಗೆ ಕೊಟ್ಟು "ನೀನೇ ಹಾಕ್ಕೊಳಪ್ಪ" ಅಂತಾರೆ. ಪಿನ್ ಜೋರಾಗಿ ಹೇಳುತ್ತಾರೆ. ಹಿಂದೆ ನಾಲ್ಕು ಜನ ನಿಂತಿರುತ್ತಾರೆ. ನಾನು ಫೋನ್ ವಾಪಸ್ ಕೊಟ್ಟು "ಅಜ್ಜಾ, ನೀವೇ ಒತ್ತಿ, ನಾನು ಕಾಯ್ತೀನಿ" ಅಂತೀನಿ. ಹಿಂದಿನವರು ಗೊಣಗುತ್ತಾರೆ. ಗೊಣಗಲಿ. ಆ ಅರ್ಧ ನಿಮಿಷ ಕಾಯೋಕೆ ಆಗದಿದ್ದರೆ ನಾವೆಲ್ಲಾ ಎಲ್ಲಿಗೆ ಓಡುತ್ತಿದ್ದೇವೆ?

ಹಿರಿಯರಿಗೆ ನಗದು ಪೂರ್ತಿ ಬಿಡಿಸಬೇಡಿ ಅಂತಲೂ ಹೇಳುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಕಡೆ "ನಗದು ಮಾತ್ರ" ಅಂತ ಬೋರ್ಡ್ ಹಾಕಿದರು. ಜೇಬಿನಲ್ಲಿ ಒಂದು ರೂಪಾಯಿ ಇಲ್ಲದೆ ನಿಂತ ಹಿರಿಯರನ್ನು ಆಗ ನೋಡಿದೆ. ಮಕ್ಕಳು ಎಲ್ಲಾ ಫೋನಿಗೆ ಹಾಕಿಬಿಟ್ಟಿದ್ದರು. ಒಂದು 500 ರೂಪಾಯಿ ಚಿಲ್ಲರೆ ಯಾವಾಗಲೂ ಮನೆಯಲ್ಲಿರಲಿ.


ಧಾರವಾಡದ ನರ್ಸ್

ದುಡ್ಡಿನ ಬಗ್ಗೆ ಎಲ್ಲರೂ ಹೇಳಿದಿರಿ. ನಾನು ಬೇರೆ ನಷ್ಟದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದಕ್ಕೆ 1930 ಇಲ್ಲ.

ನಮ್ಮ ದವಾಖಾನೆಗೆ ಒಬ್ಬರು ಕಾಕಾ ಬಂದಿದ್ದರು. ಎಂಟು ವರ್ಷದಿಂದ ಬಿಪಿ ಗುಳಿಗೆ ತಗೋತಿದ್ದರು. ಮನೆಯಲ್ಲಿ ಮಷಿನ್ ಇತ್ತು. ನಾಲ್ಕು ತಿಂಗಳಿಂದ ರೀಡಿಂಗ್ ಚೆನ್ನಾಗಿ ಬರುತ್ತಿತ್ತು. ಆಗ ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂತು. ಬಿಪಿ ಗುಳಿಗೆ ಕಿಡ್ನಿ ಹಾಳು ಮಾಡುತ್ತೆ, ಈ ಕಷಾಯ ಕುಡಿದರೆ ಸಾಕು ಅಂತ. ನಿಲ್ಲಿಸಿಬಿಟ್ಟರು. ಮೂರು ವಾರಕ್ಕೆ ಲಕ್ವಾ ಹೊಡೆಯಿತು. ಬಲಗೈ ಇನ್ನೂ ಸರಿಯಾಗಿಲ್ಲ.

ಅವರ ಮಗ ನನ್ನನ್ನು ಕೇಳಿದ್ದು, "ಸಿಸ್ಟರ್, ಬಿಪಿ ನಾರ್ಮಲ್ ಇತ್ತಲ್ಲ?" ಅಂತ. ಇತ್ತು. ಗುಳಿಗೆ ತಗೋತಿದ್ದರು, ಅದಕ್ಕೇ ನಾರ್ಮಲ್ ಇತ್ತು. ಕೊಡೆ ಹಿಡಿದಿದ್ದಕ್ಕೆ ನೆನೆಯಲಿಲ್ಲ, ಮಳೆ ನಿಂತಿತ್ತು ಅಂತ ಅಲ್ಲ. ಬಿಪಿ ಜಾಸ್ತಿ ಆದರೆ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ತಲೆನೋವೂ ಬರುವುದಿಲ್ಲ. ಹೈ ಬಿಪಿ ವರ್ಷಗಟ್ಟಲೆ ಇದ್ದರೆ ಅದೇ ಕಿಡ್ನಿ ಹಾಳು ಮಾಡುತ್ತೆ. ವಿಡಿಯೊ ಹೇಳಿದ್ದು ಇದಕ್ಕೆ ಉಲ್ಟಾ.

ಮನೆಯಲ್ಲಿ ಬಿಪಿ ನೋಡುವವರು ಇಷ್ಟು ಮಾಡಿ. ಚಹಾ ಕುಡಿದು ಅರ್ಧ ಗಂಟೆ ಬಿಡಿ. ಐದು ನಿಮಿಷ ಬೆನ್ನಿಗೆ ಆಸರೆ ಇಟ್ಟುಕೊಂಡು ಸುಮ್ಮನೆ ಕೂತಿರಿ. ಕಾಲು ನೆಲದ ಮೇಲಿರಲಿ, ಕೈ ಎದೆಯ ಎತ್ತರಕ್ಕೆ ಟೇಬಲ್ ಮೇಲಿರಲಿ. ಮಾತಾಡಬೇಡಿ. ಬರೆದಿಟ್ಟುಕೊಳ್ಳಿ. ಒಂದು ರೀಡಿಂಗ್ ನೋಡಿ ಗುಳಿಗೆ ನಿಲ್ಲಿಸುವುದೂ ಬೇಡ, ಎರಡು ನುಂಗುವುದೂ ಬೇಡ. ಪುಸ್ತಕ ತಂದು ಡಾಕ್ಟರ್‌ಗೆ ತೋರಿಸಿ.

ಇನ್ನು ವಿಡಿಯೊ ಬಂದಾಗ ಮೇಲೆ ಎರಡು ಬಾಣದ ಗುರುತು ಇದೆಯಾ ನೋಡೋಕೆ ಹೇಳಿಕೊಡಿ. ಬಹಳ ಸಲ ಕೈ ಬದಲಾದ ಮೆಸೇಜಿಗೆ ಆ ಗುರುತು ಬರುತ್ತೆ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗುಂಪಿಗೋ ಮಾತ್ರ ಕಳಿಸೋಕೆ ಆಗುವುದು. ನಮ್ಮ ಅವ್ವನಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಎರಡು ಬಾಣ ಅಂದರೆ ಬರೆದವನು ಯಾರು ಅಂತ ಕಳಿಸಿದವನಿಗೂ ಗೊತ್ತಿಲ್ಲ. ಈಗ ಅವ್ವ ಅಂಥದ್ದು ಬಂದರೆ "ಇದಕ್ಕ ಎರಡು ಬಾಣ ಅದ, ಖರೇ ಏನು?" ಅಂತ ನನ್ನನ್ನು ಕೇಳುತ್ತಾಳೆ. ಕೇಳಿದರೆ ಸಾಕು.


ಬೀದರ್ ಕಡೆಯವನು

ಸಿಸ್ಟರ್ ಬಾಣದ ಬಗ್ಗೆ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಆ ಮಿತಿಗಳು ಸುಮ್ನೆ ಬಂದದ್ದಲ್ಲ. 2018ರ ಜುಲೈನಲ್ಲಿ ನಮ್ಮ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಏನಾಯಿತು ಅಂತ ನಮ್ಮ ಕಡೆಯವರು ಮರೆತಿಲ್ಲ. ಹೈದರಾಬಾದಿನಿಂದ ಬಂದ ಹುಡುಗರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಹಬ್ಬಿತು. ಮುಂದಿನ ಊರಿನಲ್ಲಿ ಮಂದಿ ಕಾದು ನಿಂತಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ಮಾಡುವುದಾಗಿ ಹೇಳಿತು.

ಆವತ್ತು ಫಾರ್ವರ್ಡ್ ಮಾಡಿದವರು ಮುದುಕರಲ್ಲ. ನಮ್ಮ ವಯಸ್ಸಿನವರೇ ಜಾಸ್ತಿ. ಹಿರಿಯರಿಗೆ ಮಾತ್ರ ಬುದ್ಧಿ ಹೇಳುವ ಮೊದಲು ಅದು ನೆನಪಿರಲಿ.


ಕುಂದಾಪುರದಿಂದ ದುಬೈಗೆ

ನನ್ನ ಅಮ್ಮ ಒಬ್ಬರೇ ಇರುವುದು. 68 ವರ್ಷ. ಹೋದ ವರ್ಷ ಅವರಿಗೆ ವಿಡಿಯೊ ಕಾಲ್ ಬಂತು. ಪೊಲೀಸ್ ಡ್ರೆಸ್ ಹಾಕಿದವನು. ನಿಮ್ಮ ಹೆಸರಿನಲ್ಲಿ ಬಂದ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕಾಲ್ ಕಟ್ ಮಾಡಿದರೆ ಮನೆಗೆ ಬಂದು ಹಿಡಿಯುತ್ತೇವೆ ಅಂದ. ಅಮ್ಮ ಐದು ಗಂಟೆ ಆ ಫೋನಿನ ಮುಂದೆ ಕೂತಿದ್ದಾರೆ. ಬಾತ್‌ರೂಮಿಗೆ ಹೋಗೋಕೂ ಅವನನ್ನು ಕೇಳಿದ್ದಾರೆ. ಪಕ್ಕದ ಮನೆಯವರು ಮಧ್ಯಾಹ್ನ ಬಾಗಿಲು ತೆಗೆದಿಲ್ಲ ಅಂತ ನೋಡೋಕೆ ಬಂದು ಫೋನ್ ಆರಿಸಿದರು. ದುಡ್ಡು ಹೋಗಲಿಲ್ಲ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದರ ಬಗ್ಗೆ ಹೇಳಿದ್ದರು. ಅಮ್ಮ ಅದನ್ನು ಟಿವಿಯಲ್ಲಿ ನೋಡಿದ್ದರು ಕೂಡ! ಆದರೂ ಹೆದರಿದರು. ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಾಗುವುದು ಬೇರೆ.

ಆಮೇಲೆ ಅಮ್ಮ ಒಂದು ಮಾತು ಹೇಳಿದರು. ಅದು ಇವತ್ತಿಗೂ ನನಗೆ ಚುಚ್ಚುತ್ತೆ. "ನಿನಗೆ ಹೇಳೋಣ ಅಂದುಕೊಂಡೆ ಮಗಾ, ನೀನು ಆಫೀಸಿನಲ್ಲಿ ಬ್ಯುಸಿ ಇರ್ತಿ ಅಲ್ವಾ." ನಾನು ದಿನಾ ಮೂರು ನಿಮಿಷ ಮಾತಾಡುತ್ತಿದ್ದೆ. ಔಷಧಿ ತಗೊಂಡ್ರಾ, ಊಟ ಆಯ್ತಾ, ಇಡ್ಲಾ. ಅವನು ಐದು ಗಂಟೆ ಮಾತಾಡಿದ.

ಈಗ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೇವೆ. ಯಾರೇ ಹೆದರಿಸಿದರೂ ಮೊದಲು ಫೋನ್ ಇಡುವುದು, ನನಗೆ ಮಿಸ್ಡ್ ಕಾಲ್ ಕೊಡುವುದು. ಮೀಟಿಂಗಿನಲ್ಲಿದ್ದರೂ ನಾನು ಎದ್ದು ಹೋಗುತ್ತೇನೆ ಅಂತ ಹೇಳಿದ್ದೇನೆ. ಎರಡು ಸಲ ಹಾಗೆ ಎದ್ದು ಹೋಗಿದ್ದೇನೆ. ಒಂದು ಸಲ ಅದು ಗ್ಯಾಸ್ ಸಿಲಿಂಡರ್ ಹುಡುಗನ ಕರೆ. ಇರಲಿ, ಅಮ್ಮ ಕೇಳಿದರಲ್ಲ.


ಹೆಸರು ಬೇಡ, ಬೆಂಗಳೂರು

ಎಲ್ಲರೂ "ತಾಳ್ಮೆಯಿಂದ ಕಲಿಸಿ" ಅಂತಿದ್ದೀರಿ. ನನ್ನ ಮಾತನ್ನೂ ಕೇಳಿ. ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಬೆಳಿಗ್ಗೆ ಕಲಿಸಿದ್ದು ಮಧ್ಯಾಹ್ನ ಇರುವುದಿಲ್ಲ. ಒಂದೇ ತರಕಾರಿಯವನಿಗೆ ಮೂರು ಸಲ ದುಡ್ಡು ಹಾಕಿದ್ದಾರೆ. ಅವನು ಒಳ್ಳೆಯವನು, ವಾಪಸ್ ಕೊಟ್ಟ. ನಾವು ದುಡ್ಡಿನ ಆ್ಯಪ್‌ಗಳನ್ನೆಲ್ಲಾ ತೆಗೆದೆವು. ಫೋಟೋ, ಹಾಡು, ನಮ್ಮ ನಂಬರುಗಳು ಮಾತ್ರ ಬಿಟ್ಟೆವು. ಅದಕ್ಕೆ ನನಗೆ ಬೇಜಾರಿಲ್ಲ.

ಪದೇ ಪದೇ ಅದೇ ತಪ್ಪು ಆಗುತ್ತಿದ್ದರೆ, ಮೊದಲು ಚೆನ್ನಾಗಿ ಮಾಡುತ್ತಿದ್ದವರು ಈಗ ಲೆಕ್ಕ ತಪ್ಪುತ್ತಿದ್ದರೆ, ಅದು ಫೋನಿನ ಸಮಸ್ಯೆ ಅಲ್ಲದಿರಬಹುದು. ಡಾಕ್ಟರ್‌ಗೆ ತೋರಿಸಿ. ನಾವು ಒಂದು ವರ್ಷ ಅಮ್ಮನ ಮೇಲೆ ರೇಗಾಡಿದೆವು. ಕಾಯಿಲೆ ಅಂತ ಗೊತ್ತಾಗುವ ಹೊತ್ತಿಗೆ ಬಹಳ ಮಾತು ಆಡಿಬಿಟ್ಟಿದ್ದೆವು.


ಧಾರವಾಡದ ನರ್ಸ್

ಇದನ್ನು ಬರೆದಿದ್ದಕ್ಕೆ ಧನ್ಯವಾದ ಅಕ್ಕ. ಎಲ್ಲಾ ಮನೆಗೂ ಒಂದೇ ಉತ್ತರ ಇಲ್ಲ. ನೋಡಿಕೊಳ್ಳುವವರಿಗೂ ಮನಸ್ಸು ಸೋಲುತ್ತೆ. ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.


ಬಿ.ಕಾಂ. ಎರಡನೇ ವರ್ಷ

ನಾನು ಚಿಕ್ಕವಳು, ತಪ್ಪಿದ್ದರೆ ಕ್ಷಮಿಸಿ. ನಮ್ಮ ಅಜ್ಜಿಗೆ ಕನ್ನಡ ಓದೋಕೆ ಬರುತ್ತೆ, ಇಂಗ್ಲಿಷ್ ಬರಲ್ಲ. ಗೃಹಲಕ್ಷ್ಮಿ 2,000 ಬಂತಾ ಅಂತ ಅಂಕಿ ನೋಡಿ ತಿಳಿದುಕೊಳ್ಳುತ್ತಿದ್ದರು. ಒಂದು ದಿನ 2,000 ಅಂತ ಮೆಸೇಜ್ ನೋಡಿ ಖುಷಿಯಾಗಿ ಬ್ಯಾಂಕಿಗೆ ಹೋದರು. ಅದು ಬಂದ ದುಡ್ಡಲ್ಲ, ಹೋದ ದುಡ್ಡು. ಸಾಲದ ಕಂತು ಕಟ್ ಆಗಿತ್ತು. ಕ್ರೆಡಿಟೆಡ್, ಡೆಬಿಟೆಡ್, ಇಂಗ್ಲಿಷ್ ಬಾರದವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ ಅಲ್ವಾ?

ಹಳ್ಳಿಯ ಬ್ಯಾಂಕಿನಲ್ಲಿ, ಕನ್ನಡ ಮಾತ್ರ ಬರುವ ಅಜ್ಜಿಗೆ, ಅವರ ದುಡ್ಡಿನ ವಿಷಯ ಇಂಗ್ಲಿಷಿನಲ್ಲಿ ಯಾಕೆ ಬರಬೇಕು? "ಬಂದಿದೆ", "ಹೋಗಿದೆ" ಅಂತ ಎರಡು ಪದ ಸಾಕಿತ್ತು. ಇದನ್ನು ನಾವು ಕೇಳಬೇಕು. ಬ್ಯಾಂಕಿನಲ್ಲಿ ಬರೆದುಕೊಡಬೇಕು.

ಅಜ್ಜಿಯ ಫೋನಿನ ಭಾಷೆ ಕನ್ನಡಕ್ಕೆ ಬದಲಾಯಿಸಿದೆ. ಯುಪಿಐ ಆ್ಯಪಿನಲ್ಲೂ ಕನ್ನಡ ಇದೆ, ಯಾರೂ ಹಾಕಿಕೊಳ್ಳುವುದೇ ಇಲ್ಲ. ಅಕ್ಷರ ದೊಡ್ಡದು ಮಾಡಿದೆ. ಮೈಕ್ ಒತ್ತಿ ಮಾತಾಡಿದರೆ ಕನ್ನಡದಲ್ಲಿ ಬರೆಯುತ್ತೆ ಅಂತ ತೋರಿಸಿದೆ. ಈಗ ನನಗೆ ದಿನಾ ಮೆಸೇಜ್ ಮಾಡುತ್ತಾರೆ. ಚುಕ್ಕಿ, ಕಾಮಾ ಒಂದೂ ಇಲ್ಲದೆ ಒಂದೇ ಉಸಿರಿನಲ್ಲಿ ಬರುತ್ತೆ. ಎಲ್ಲಾ ಇಟ್ಟುಕೊಂಡಿದ್ದೇನೆ.


ಬ್ಯಾಂಕಿನಲ್ಲಿ 22 ವರ್ಷ

ಮಗು ಹೇಳಿದ್ದು ನೂರಕ್ಕೆ ನೂರು ನಿಜ. ಕೌಂಟರಿನ ಈ ಕಡೆ ಕೂತ ನನಗೇ ನಾಚಿಕೆ ಆಗುತ್ತೆ.

ತಿಪಟೂರಿನವರೇ, ಈಗ ಫೋನ್ ವಿಷಯ. ತಗೋಬೇಡಿ, ಆದರೆ ದುಡ್ಡನ್ನು ಬೇರೆ ಮಾಡಿ. ತೋಟದ ದುಡ್ಡು ಬರುವ ಖಾತೆಗೆ ಯುಪಿಐ ತೆಗೆಸಿ. ಇನ್ನೊಂದು ಸಣ್ಣ ಖಾತೆ ಮಾಡಿಸಿ, ಅದಕ್ಕೆ ಮಾತ್ರ ಯುಪಿಐ ಇರಲಿ. ಸಂತೆಗೆ ಹೋಗುವಾಗ ಬೀರುವಿನ ದುಡ್ಡೆಲ್ಲಾ ಜೇಬಿಗೆ ಹಾಕಿಕೊಂಡು ಹೋಗುವುದಿಲ್ಲ ಅಲ್ವಾ, ಹಾಗೆ. ಅದರಲ್ಲಿ ಐದೋ ಹತ್ತೋ ಸಾವಿರ ಇರಲಿ. ಮೋಸ ಆದರೂ ಅಷ್ಟಕ್ಕೇ ನಿಲ್ಲುತ್ತೆ.

ಇನ್ನೊಂದು ದಾರಿ ಯುಪಿಐ ಸರ್ಕಲ್. 2024ರಲ್ಲಿ ಬಂತು. ನಿಮ್ಮ ಖಾತೆಯಿಂದ ಅಪ್ಪ ಖರ್ಚು ಮಾಡಬಹುದು. ಪ್ರತಿ ಸಲ ನಿಮಗೆ ಕೇಳಿ, ನೀವು ಪಿನ್ ಒತ್ತಿದ ಮೇಲೆ ಹೋಗುವ ಹಾಗೆ ಇಡಬಹುದು. ಅಥವಾ ತಿಂಗಳಿಗೆ 15,000, ಒಂದು ಸಲಕ್ಕೆ 5,000 ಮೀರದ ಹಾಗೆ ಅವರಿಗೇ ಬಿಡಬಹುದು. ಆದರೆ ನನ್ನ ಕೇಳಿದರೆ ಮೊದಲು ಹೇಳಿದ ಸಣ್ಣ ಖಾತೆಯೇ ಮೇಲು. ತನ್ನ ದುಡ್ಡು ತಾನು ಖರ್ಚು ಮಾಡೋಕೆ ಮಗನ ಒಪ್ಪಿಗೆಗೆ ಕಾಯುವುದು ನಿಮ್ಮ ಅಪ್ಪನಂಥವರಿಗೆ ಹಿಡಿಸುವುದಿಲ್ಲ.

ಬ್ಯಾಂಕಿನಿಂದ ಅಂತ ಯಾರಾದರೂ ಕರೆ ಮಾಡಿದರೆ ನಂಬರ್ ನೋಡೋಕೆ ಹೇಳಿ. ಸೇವೆಯ ಕರೆಗಳನ್ನು 1600ರಿಂದ ಶುರುವಾಗುವ ನಂಬರಿನಿಂದಲೇ ಮಾಡಬೇಕು ಅಂತ 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಮಗೆ ಹೇಳಿದೆ. ಮಾಮೂಲಿ 10 ಅಂಕಿಯ ಮೊಬೈಲಿನಿಂದ "ಹೆಡ್ ಆಫೀಸ್" ಅಂದರೆ ಇಟ್ಟುಬಿಡಲಿ. ಅನುಮಾನ ಬಂದರೆ ಮರುದಿನ ಬ್ರಾಂಚಿಗೆ ಬರಲಿ, ನಾವೇನು ಓಡಿಹೋಗುವುದಿಲ್ಲ.


ತಿಪಟೂರಿನವನು

ಎರಡು ವಾರ ಆಯಿತು. ಏನಾಯಿತು ಅಂತ ಹೇಳಬೇಕು, ಇಷ್ಟು ಜನ ಮನೆಯವರ ಹಾಗೆ ಬರೆದಿದ್ದೀರಿ.

ಒಂದು ಖಾತೆಯಲ್ಲಿ 6,200 ರೂಪಾಯಿ ತಡೆಹಿಡಿದಿದ್ದಾರಂತೆ. ಅದು ವಾಪಸ್ ಬರೋಕೆ ಅರ್ಜಿ ಕೊಟ್ಟಿದ್ದೇವೆ. ಉಳಿದದ್ದು ಹೋದ ಹಾಗೇ. ಮೊದಲ ದಿನವೇ ಅಪ್ಪ ಹೇಳಿದ್ದರೆ ಅಂತ ಅನ್ನಿಸುತ್ತೆ. ಹೇಳದ ಹಾಗೆ ಮಾಡಿದವನು ನಾನೇ.

ಶನಿವಾರ ಊರಿಗೆ ಹೋದೆ. ಮನಸ್ಸಿನಲ್ಲಿ ಬೇಕಾದಷ್ಟು ಮಾತು ಜೋಡಿಸಿಕೊಂಡಿದ್ದೆ. ಅಪ್ಪ ಜಗಲಿ ಮೇಲೆ ಕೂತಿದ್ದರು. ನನ್ನ ಮುಖ ನೋಡದೆ ಫೋನ್ ಮುಂದಕ್ಕೆ ಹಿಡಿದು "ತಗೊಂಡು ಹೋಗು" ಅಂದರು. ಅವರೇ ತೀರ್ಮಾನ ಮಾಡಿದ್ದರು. ನಾನು ತಗೊಳ್ಳಲಿಲ್ಲ. ಪೋಸ್ಟ್‌ಮ್ಯಾನ್ ತಾತನ ಮಾತು ಓದಿ ಹೇಳಿದೆ, ಮನಿಯಾರ್ಡರ್ ಸಹಿಯದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿಯಾಗಿ ಹೇಳವ್ರೆ" ಅಂದರು. ಆಮೇಲೆ ಮೊದಲ ಸಲ ಆವತ್ತು ಸಂಜೆ ಏನೇನಾಯಿತು ಅಂತ ಪೂರ್ತಿ ಹೇಳಿದರು. ದುಡ್ಡು ಹೋದ ಮೆಸೇಜ್ ನೋಡಿ ಕತ್ತಲಲ್ಲಿ ತೋಟಕ್ಕೆ ಹೋಗಿ ಒಂದು ಗಂಟೆ ಕೂತಿದ್ದರಂತೆ. ಅಮ್ಮನಿಗೂ ಅದು ಗೊತ್ತಿರಲಿಲ್ಲ.

ಭಾನುವಾರ ಕಲಿಸೋಕೆ ಕೂತೆವು. ನಾನು ಕೈ ಕಟ್ಟಿಕೊಂಡು ಕೂತಿದ್ದೆ, ನಿಜವಾಗಿ. ಫೋನ್ ಮುಟ್ಟಬಾರದು ಅಂತ. ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಒಂದು ಕಡೆ ಅವರು ಏಳು ಸಲ ತಪ್ಪು ಒತ್ತಿದರು. ಫೋನಿನ ಭಾಷೆ ಕನ್ನಡ ಆಯಿತು. ಕೊಬ್ಬರಿ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಅಪ್ಪ ತಮ್ಮ ಕೈಬರಹದಲ್ಲೇ ಬರೆದುಕೊಂಡರು: "ಪಿನ್ ಒತ್ತಿದರೆ ಹೋಗುತ್ತೆ. ಬರುವುದಕ್ಕೆ ಒತ್ತಬಾರದು. 1930." ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋಗಿ ಸಣ್ಣ ಖಾತೆ ಮಾಡಿಸಿದೆವು. ಅಪ್ಪ ಅದಕ್ಕೆ 8,000 ಹಾಕಿದರು. ನಾನು 5,000 ಅಂದಿದ್ದೆ. ಅವರ ಮಾತೇ ನಡೆಯಿತು.

ನಿನ್ನೆ ಮಧ್ಯಾಹ್ನ ನಾನು ಕೆಲಸದಲ್ಲಿದ್ದಾಗ ಮಿಸ್ಡ್ ಕಾಲ್ ಬಂತು. ಹೊರಗೆ ಬಂದು ಮಾಡಿದೆ. "ಯಾವನೋ ಕೆವೈಸಿ ಅಂದ, ಇಟ್ಟುಬಿಟ್ಟೆ. ಹೇಳೋಣ ಅಂತ ಮಾಡ್ದೆ" ಅಂದರು. ಅರ್ಧ ಗಂಟೆ ಮಾತಾಡಿದೆವು. ಕೆವೈಸಿ ಬಗ್ಗೆ ಎರಡು ನಿಮಿಷ, ಉಳಿದದ್ದೆಲ್ಲಾ ಕಾಯಿ ಬೆಲೆ ಬಗ್ಗೆ.

ಒಂದು ಸಹಾಯ ಬೇಕು. ಕೊಬ್ಬರಿ ದರ ದಿನಾ ಫೋನಿನಲ್ಲಿ ನೋಡಬೇಕು ಅಂತಾರೆ ಅಪ್ಪ. ನಂಬುವಂಥದ್ದು, ಕನ್ನಡದಲ್ಲಿರುವುದು ಯಾವುದಾದರೂ ಇದೆಯಾ?


ದಾವಣಗೆರೆ ಅಂಗಡಿಯವನು

ಕೃಷಿ ಮಾರಾಟ ವಾಹಿನಿ ಅಂತ ವೆಬ್‌ಸೈಟ್ ಇದೆ ನೋಡಿ ಸರ್, ನಮ್ಮ ರಾಜ್ಯದ ಕೃಷಿ ಮಾರಾಟ ಮಂಡಳಿಯದ್ದು. ಎಪಿಎಂಸಿ ದರ ಅದರಲ್ಲಿ ಬರುತ್ತೆ, ತಿಪಟೂರಿನದೂ ಸಿಗುತ್ತೆ. ಯಾರೋ ಕಳಿಸಿದ ಲಿಂಕ್ ಒತ್ತಿ ಹೋಗಬೇಡಿ, ನೀವೇ ಹುಡುಕಿ ಹೋಗಿ. ಹುಡುಕುವುದನ್ನೂ ಅಪ್ಪನ ಕೈಲೇ ಮಾಡಿಸಿ.